ಮೂರೂವರೆ ತಿಂಗಳು, ಒಬ್ಬ ಸ್ಟ್ರೈಕರ್, ಒಂದು ಫೈಲು

ನಿನ್ನೆ ಸಾಯಂಕಾಲ ಆಫೀಸಿಂದ ಹೊರಡೋ ಹೊತ್ತಿಗೆ ಗೋವಾದ ಫುಟ್‌ಬಾಲ್ ಕ್ಲಬ್ಬಿನವ್ರ ಮೆಸೇಜ್ ಬಂತು, ನಮ್ಮ ಸ್ಟ್ರೈಕರ್ ಅವ್ರ ಕ್ಲಬ್ಬಿಗೆ ಹೋಗೋ ರಿಜಿಸ್ಟ್ರೇಷನ್ ಅಪ್ರೂವ್ ಆಯ್ತು ಅಂತ. ನಂಬಿಕೆ ಬರದೆ ಎಐಎಫ್‌ಎಫ್‌ನ, ಅಂದ್ರೆ ಭಾರತದ ಫುಟ್‌ಬಾಲ್ ಸಂಸ್ಥೆಯ, ಸಿಆರ್‌ಎಸ್ ಅನ್ನೋ ಆನ್‌ಲೈನ್ ರಿಜಿಸ್ಟ್ರೇಷನ್ ವ್ಯವಸ್ಥೆಗೆ ಲಾಗಿನ್ ಆಗಿ ನಮ್ಮ ಪ್ಲೇಯರ್ ಲಿಸ್ಟ್ ನೋಡ್ದೆ, ಅವನ ಹೆಸರು ಇರ್ಲಿಲ್ಲ. ಅಕ್ಟೋಬರ್ ಮಧ್ಯದಿಂದ ಜನವರಿ ಕೊನೆ ತನಕ ನಿದ್ದೆ ಕೆಡಿಸಿದ್ದ ವಿಷಯ ಅಲ್ಲಿಗೆ ಮುಗೀತು. ಖುಷಿ ಆಗ್ಬೇಕಿತ್ತು, ಆದ್ರೆ ಪಾರ್ಕಿಂಗಲ್ಲಿ ಗಾಡಿ ಮೇಲೆ ಹತ್ತು ನಿಮಿಷ ಸುಮ್ನೆ ಕೂತಿದ್ದೆ.

ನಾನು ಬೆಂಗಳೂರಲ್ಲಿ ಸೂಪರ್ ಡಿವಿಷನ್ ಅನ್ನೋ ಸ್ಥಳೀಯ ಫುಟ್‌ಬಾಲ್ ಲೀಗ್ ಆಡೋ ಒಂದು ಸಣ್ಣ ಕ್ಲಬ್ಬಿನ ಟೀಮ್ ಮ್ಯಾನೇಜರ್. ಸಂಬಳ ಇಲ್ಲದ ಕೆಲ್ಸ, ಬೆಳಿಗ್ಗೆ ಗ್ರೌಂಡು, ಆಮೇಲೆ ಆಫೀಸು, ಸಾಯಂಕಾಲ ಮತ್ತೆ ಕ್ಲಬ್ ಕೆಲ್ಸ. ಒಬ್ಬ ದೊಡ್ಡ ಆಟಗಾರ ಆಡ್ದೆ ಮುನಿಸ್ಕೊಂಡು ಕೂತ್ರೆ ಏನ್ ಮಾಡ್ಬೇಕು ಅಂತ ನಮ್ಗೆ ಹೇಳಿಕೊಡೋರು ಯಾರೂ ಇರ್ಲಿಲ್ಲ. ಯೂರೋಪಿನ ಕ್ಲಬ್‌ಗಳ ಬಗ್ಗೆ ಬೇಕಾದಷ್ಟು ಸುದ್ದಿ ಸಿಗುತ್ತೆ, ಆದ್ರೆ ತಿಂಗಳಿಗೆ 40,000 ಕೊಡೋದೇ ಕಷ್ಟ ಆಗಿರೋ ಕ್ಲಬ್ ಏನ್ ಮಾಡ್ಬೇಕು, ಯಾವ ಕಾಗದ ಬೇಕು, ಎಲ್ಲಿ ಎಡವ್ತೀವಿ ಅಂತ ಯಾರೂ ಬರ್ದಿಲ್ಲ, ಅದಕ್ಕೇ ನೆನಪು ಹಸಿ ಇರುವಾಗ್ಲೇ ಬರೀತಿದೀನಿ. ಹುಡುಗನ ಹೆಸರು, ಕ್ಲಬ್ ಹೆಸರು ಬೇಡ.

ಹುಡುಗ ಬೆಳಗಾವಿ ಕಡೆಯವ್ನು, 24 ವರ್ಷ. ಹೋದ ಸೀಸನ್‌ನಲ್ಲಿ ನಮ್ಗೆ 14 ಗೋಲ್ ಹೊಡ್ದಿದ್ದ, ಅವನಿಂದಲೇ ನಾವು ಡಿವಿಷನ್‌ನಲ್ಲಿ ಉಳ್ಕೊಂಡಿದ್ದು. ಅದಕ್ಕೆ ಈ ಸಲ ಕಮಿಟಿಯವ್ರು ಎರಡು ವರ್ಷದ ಕಾಂಟ್ರಾಕ್ಟ್, ತಿಂಗಳಿಗೆ 40,000, ಆಸ್ಟಿನ್ ಟೌನ್ ಹತ್ರ ಒಂದು ರೂಮು ಅಂತ ಎಲ್ಲಾ ಕೊಟ್ರು. ಟೀಮಲ್ಲಿ ಅವನ ನಂತರ ಜಾಸ್ತಿ ತಗೊಳ್ತಿದ್ದೋನು ನಮ್ಮ ಕ್ಯಾಪ್ಟನ್, ಅವನಿಗೆ 15,000. ಈ ವ್ಯತ್ಯಾಸ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಮೊದಲ ಆರು ಮ್ಯಾಚಲ್ಲಿ ಒಂದೇ ಗೋಲು, ಅದೂ ಪೆನಾಲ್ಟಿ. ಗೋಲಿಲ್ದೆ ಹೋದ್ರೆ ಪರವಾಗಿಲ್ಲ, ಫಾರ್ಮ್ ಬರುತ್ತೆ ಹೋಗುತ್ತೆ, ಆದ್ರೆ ಹುಡುಗ ಓಡೋದೇ ನಿಲ್ಸಿದ್ದ. ಬಾಲ್ ಕಳ್ಕೊಂಡ್ರೆ ಹಿಂದೆ ಬರ್ತಿರ್ಲಿಲ್ಲ, ಬೆಳಿಗ್ಗೆ 6ರ ಟ್ರೈನಿಂಗಿಗೆ ಆರೂವರೆಗೆ ಬರೋದು, ಕೋಚ್ ಮಾತಾಡ್ಸಿದ್ರೆ ನೆಲ ನೋಡೋದು. ಅಶೋಕನಗರದ ಸ್ಟೇಡಿಯಮ್ಮಲ್ಲಿ ಏಳನೇ ಮ್ಯಾಚು, 62ನೇ ನಿಮಿಷದಲ್ಲಿ ಕೋಚ್ ಅವನನ್ನ ತೆಗೆದ್ರು. ಬೆಂಚ್ ಕಡೆ ತಿರುಗ್ಲಿಲ್ಲ, ಒಳಗೆ ಬರ್ತಿದ್ದ ಹುಡುಗನಿಗೆ ಕೈ ಕೊಡ್ಲಿಲ್ಲ, ನೇರವಾಗಿ ಡ್ರೆಸ್ಸಿಂಗ್ ರೂಮಿಗೆ ಹೋದ. ಗ್ಯಾಲರಿಯಿಂದ ಯಾರೋ ಕೂಗಿದ್ರು. ನಾನು ಹಿಂದೆ ಹೋಗಿ ನೋಡಿದ್ರೆ ಬಾಗ್ಲಿಗೆ ಬೆನ್ನು ಹಾಕಿ ಕೂತು ಬಲಗಾಲಿನ ಮಂಡಿಗೆ ಸುತ್ತಿದ್ದ ಬಿಳೀ ಟೇಪನ್ನ ನಿಧಾನಕ್ಕೆ ಬಿಚ್ತಿದ್ದ, ಒಂದೊಂದು ಸುತ್ತನ್ನೂ ಬೆರಳಿಗೆ ಸುತ್ತಿ ಉಂಡೆ ಮಾಡಿ ಜೇಬಿಗೆ ಹಾಕ್ಕೊಳ್ತಿದ್ದ, ಕಸದ ಡಬ್ಬಿಗಲ್ಲ. ನನಗೆ ಅವತ್ತು ಅದು ಸಿಟ್ಟು ಅಂತ ಕಾಣ್ತು. ಟೇಪ್ ಯಾಕೆ ಬಚ್ಚಿಡ್ತಾನೆ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ರೆ ಒಂದು ತಿಂಗಳು ಉಳೀತಿತ್ತು.

ಆ ಮ್ಯಾಚ್ ಆದ್ಮೇಲೆ ನಮ್ಮ ಕಡೆಯಿಂದ ದೊಡ್ಡ ತಪ್ಪಾಯ್ತು. ಕೋಚ್ ಟೀಮಿನ ವಾಟ್ಸಾಪ್ ಗ್ರೂಪಲ್ಲಿ, 30 ಜನ ಇರೋ ಗ್ರೂಪದು, "ದುಡ್ಡು ತಗೊಂಡು ನಡೆದಾಡೋರು ನಮ್ಗೆ ಬೇಡ" ಅಂತ ಹಾಕಿದ್ರು. ಹೆಸರು ಹಾಕ್ಲಿಲ್ಲ, ಆದ್ರೆ ಎಲ್ರಿಗೂ ಗೊತ್ತು. ರಾತ್ರಿ ಹುಡುಗ ಇನ್‌ಸ್ಟಾಗ್ರಾಮಲ್ಲಿ ಸ್ಟೋರಿ ಹಾಕ್ದ, ಗೋಲ್ ಹೊಡೆಯೋ ಸ್ಟ್ರೈಕರನ್ನ ತಗೊಂಡೋಗಿ ವಿಂಗಲ್ಲಿ, ಅಂದ್ರೆ ಮೈದಾನದ ಅಂಚಲ್ಲಿ, ನಿಲ್ಸಿ ಗೋಲ್ ಎಲ್ಲಿ ಅಂತ ಕೇಳ್ತಾರೆ ಅಂತ. ಬೆಳಿಗ್ಗೆ ಅಷ್ಟೊತ್ತಿಗೆ ಅದರ ಸ್ಕ್ರೀನ್‌ಶಾಟ್ ಬೇರೆ ಕ್ಲಬ್‌ಗಳವ್ರ ಫೋನಲ್ಲೆಲ್ಲಾ ಓಡಾಡ್ತಿತ್ತು. 2023ರ ಸೆಪ್ಟೆಂಬರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಆಗಿದ್ದೂ ಇದೇ, ಆರ್ಸೆನಲ್ ಮ್ಯಾಚಿಗೆ ಅವ್ರ ವಿಂಗರ್ ಸಾಂಚೋನ ಯಾಕೆ ಬಿಟ್ರಿ ಅಂತ ಕೇಳಿದ್ದಕ್ಕೆ ಕೋಚ್ ಟೆನ್ ಹಾಗ್ ಟ್ರೈನಿಂಗ್ ಸರಿ ಇರ್ಲಿಲ್ಲ ಅಂತ ಎಲ್ಲರ ಮುಂದೆ ಹೇಳಿದ್ರು, ಅವ್ನು ನನ್ನನ್ನ ಬಲಿಪಶು ಮಾಡ್ತಿದಾರೆ ಅಂತ ಪೋಸ್ಟ್ ಹಾಕ್ದ, ಮೊದಲ ಟೀಮಿಂದ ದೂರ ಇಟ್ರು, ಜನವರಿ ತನಕ ಒಂದು ಮ್ಯಾಚೂ ಆಡ್ಲಿಲ್ಲ. ಅದೇ ಹುಡುಗ ಲೋನ್ ಮೇಲೆ, ಅಂದ್ರೆ ತಾತ್ಕಾಲಿಕವಾಗಿ, ಜರ್ಮನಿಯ ಡಾರ್ಟ್ಮಂಡ್ ಕ್ಲಬ್ಬಿಗೆ ಹೋಗಿ ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲಲ್ಲಿ ಮಿಂಚಿದ, ಟೀಮ್ ಫೈನಲ್ ಕೂಡ ಆಡ್ತು. ಆಟ ಅವನ ಕಾಲಲ್ಲಿ ಇದ್ದೇ ಇತ್ತು, ಮಾತು ಹೊರಗೆ ಬಿದ್ಮೇಲೆ ಇಬ್ಬರಿಗೂ ಹಿಂದೆ ಬರೋಕೆ ಆಗ್ಲಿಲ್ಲ ಅಷ್ಟೆ. ನಿಮ್ಮ ಟೀಮಲ್ಲಿ ಹೀಗೇನಾದ್ರೂ ಶುರು ಆದ್ರೆ ಮೊದಲ ದಿನವೇ ಕೋಚ್, ಕಮಿಟಿ, ಆಟಗಾರ ಎಲ್ರಿಗೂ ಒಂದೇ ಮಾತು ಹೇಳಿ, ಗ್ರೂಪಲ್ಲಿ ಒಂದಕ್ಷರ ಬೇಡ, ಏನಿದ್ರೂ ಎದುರಾ ಎದುರು ಕೂತು ಮಾತಾಡಿ.

ಮಾರನೇ ದಿನ ಕಮಿಟಿ ಮೀಟಿಂಗು. ಒಬ್ರು ಒಂದು ತಿಂಗಳ ಸಂಬಳ ಕಟ್ ಮಾಡಿ ಅಂದ್ರು, ಇನ್ನೊಬ್ರು ಕಾಂಟ್ರಾಕ್ಟ್ ಕ್ಯಾನ್ಸಲ್ ಮಾಡಿ ಕಳ್ಸಿ ಅಂದ್ರು, ಕೋಚ್ ಅವನು ಒಬ್ಬನೇ ಬೇರೆ ಟೈಮಲ್ಲಿ ಬಂದು ಓಡ್ಲಿ ಅಂದ್ರು. ನಾನು ಒಬ್ರು ಲಾಯರನ್ನ ಕೇಳಿ ಹೇಳ್ತೀನಿ, ಎರಡು ದಿನ ಕೊಡಿ ಅಂದೆ. ಲಾಯರ್ ಫೀಸ್ 5,000, ಇಡೀ ವ್ಯವಹಾರದಲ್ಲಿ ಅಷ್ಟು ಉಪಯೋಗಕ್ಕೆ ಬಂದ ಖರ್ಚು ಇನ್ನೊಂದಿಲ್ಲ.

ಅವ್ರು ಕಾಂಟ್ರಾಕ್ಟ್ ಓದಿ ಮೊದಲು ಕೇಳಿದ್ದು, "ಇವನಿಗೆ ಸಂಬಳ ಎಲ್ಲಿ ತನಕ ಕೊಟ್ಟಿದೀರಿ?" ನಾನು ಖಜಾಂಚಿಗೆ ಫೋನ್ ಮಾಡ್ದೆ. ಆಗಸ್ಟ್ ತನಕ. ಸೆಪ್ಟೆಂಬರ್, ಅಕ್ಟೋಬರ್ ಎರಡೂ ಬಾಕಿ, ಸ್ಪಾನ್ಸರ್ ದುಡ್ಡು ಬಂದಿಲ್ಲ ಅಂತ. ನನಗೆ ಗೊತ್ತೇ ಇರ್ಲಿಲ್ಲ. ಫಿಫಾ ನಿಯಮದ ಪ್ರಕಾರ ಎರಡು ತಿಂಗಳ ಸಂಬಳ ಬಾಕಿ ಇದ್ರೆ ಆಟಗಾರ ಲಿಖಿತವಾಗಿ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಟೈಮ್ ಕೊಟ್ಟು, ಆಗ್ಲೂ ಕೊಡ್ಲಿಲ್ಲ ಅಂದ್ರೆ ಕಾಂಟ್ರಾಕ್ಟ್ ಮುರ್ಕೊಂಡು ಹೋಗ್ಬಹುದು, ತಪ್ಪು ಕ್ಲಬ್ಬಿಂದೇ ಆಗುತ್ತೆ, ಪರಿಹಾರ ಕೂಡ ಕೇಳ್ಬಹುದು. ಅಂದ್ರೆ ನಾವು ಅವನನ್ನ ಶಿಸ್ತು ಕ್ರಮ ಅಂತ ಹೆದರ್ಸೋಕೆ ಹೊರಟಿದ್ವಿ, ಆದ್ರೆ ಅವ್ನು ಒಂದು ಕಾಗದ ಬರ್ದಿದ್ರೆ ನಾವೇ ಆಟಗಾರರ ಮತ್ತು ಕ್ಲಬ್‌ಗಳ ಜಗಳ ತೀರ್ಮಾನ ಮಾಡೋ ಎಐಎಫ್‌ಎಫ್‌ನ ಪ್ಲೇಯರ್ಸ್ ಸ್ಟೇಟಸ್ ಕಮಿಟಿ ಮುಂದೆ ಕೈ ಕಟ್ಕೊಂಡು ನಿಲ್ಬೇಕಿತ್ತು.

ಉಳಿದ ಸಲಹೆಗಳೂ ಒಂದೊಂದಾಗಿ ಬಿದ್ದು ಹೋದ್ವು. ಆಟ ಚೆನ್ನಾಗಿಲ್ಲ ಅನ್ನೋದು ಕಾಂಟ್ರಾಕ್ಟ್ ರದ್ದು ಮಾಡೋಕೆ ಕಾರಣ ಆಗಲ್ಲ, ಗಾಯ ಕೂಡ ಕಾರಣ ಆಗಲ್ಲ. ಸೀಸನ್ ನಡೀತಿರುವಾಗ ಸರಿಯಾದ ಕಾರಣ ಇಲ್ದೆ ಒಬ್ಬರೇ ಮುರಿಯೋ ಹಾಗಿಲ್ಲ. ಒಬ್ಬನೇ ಓಡ್ಲಿ ಅಂತ ದೂರ ಇಟ್ಟು ಬೇಸತ್ತು ಬಿಟ್ಟು ಹೋಗೋ ಹಾಗೆ ಮಾಡಿದ್ರೆ ಅದನ್ನ ಒತ್ತಡ ಹಾಕೋ ದುರ್ನಡತೆ ಅಂತ ನೋಡ್ತಾರೆ, ಅದೇ ಅವನಿಗೆ ಕಾಂಟ್ರಾಕ್ಟ್ ಮುರಿಯೋಕೆ ಕಾರಣ ಆಗ್ಬಹುದು. ಇನ್ನೂ ಒಂದಿದೆ, ನೆಲೆ ನಿಂತ ಪ್ರೊಫೆಷನಲ್ ಆಟಗಾರನನ್ನ ಸೀಸನ್ನಿನ ಅಧಿಕೃತ ಮ್ಯಾಚುಗಳಲ್ಲಿ ಶೇ. 10ಕ್ಕಿಂತ ಕಮ್ಮಿ ಆಡ್ಸಿದ್ರೆ ಸೀಸನ್ ಮುಗಿದ ಮೇಲೆ ಅದನ್ನೇ ಕಾರಣ ಕೊಟ್ಟು ಹೋಗೋ ದಾರಿ ಅವನಿಗೆ ಇರುತ್ತೆ. ಇನ್ನು ದಂಡ, ನಮ್ಮ ಕಾಂಟ್ರಾಕ್ಟಲ್ಲಿ ಲೇಟ್ ಬಂದ್ರೆ ಎಷ್ಟು, ಗೈರಾದ್ರೆ ಎಷ್ಟು ಅಂತ ಒಂದು ಸಾಲೂ ಇರ್ಲಿಲ್ಲ, ಯಾವ್ದೋ ಹಳೇ ಕಾಂಟ್ರಾಕ್ಟನ್ನ ಹೆಸರು ಬದಲಾಯ್ಸಿ ಸೈನ್ ಹಾಕ್ಸಿದ್ರು. ನೀವು ಹೊಸದಾಗಿ ಸೈನ್ ಮಾಡ್ಸೋರಾಗಿದ್ರೆ ಶಿಸ್ತಿನ ನಿಯಮಗಳ ಒಂದು ಹಾಳೆ ಅವನಿಗೆ ಅರ್ಥ ಆಗೋ ಭಾಷೇಲಿ ಬರ್ದು, ಅದಕ್ಕೂ ಸಹಿ ತಗೊಳ್ಳಿ.

ಬಾಕಿ 80,000 ಹೊಂದಿಸೋಕೆ ಒಂಬತ್ತು ದಿನ ಹಿಡೀತು. ಕಮಿಟಿಯ ಹಿರಿಯರೊಬ್ರು 50,000 ಕೈಯಿಂದ ಕೊಟ್ರು, ಉಳಿದಿದ್ದನ್ನ ಗ್ರೌಂಡ್ ಬಾಡಿಗೆಗೆ ಇಟ್ಟಿದ್ದ ದುಡ್ಡಿಂದ ತಗೊಂಡ್ವಿ. ಕ್ಯಾಶ್ ಕೊಡ್ಬೇಡಿ, ಬ್ಯಾಂಕಿಗೇ ಹಾಕಿ, ಯಾವ ತಿಂಗಳ ಸಂಬಳ ಅಂತ ರಿಮಾರ್ಕಲ್ಲಿ ಬರೀರಿ, ನಮ್ಗೆ ಕೊನೆಗೆ ಅದೇ ಸಾಕ್ಷಿ ಆಯ್ತು. ದುಡ್ಡು ಜಮಾ ಆದ ಮೇಲೇ ಅವನನ್ನ ಮಾತಿಗೆ ಕರೆದೆ. ಬಾಕಿ ಇಟ್ಕೊಂಡು ಶಿಸ್ತಿನ ಪಾಠ ಹೇಳೋಕೆ ನನಗೆ ಬಾಯಿ ಬರ್ತಿರ್ಲಿಲ್ಲ.

ಆ ಮಧ್ಯೆ ನಮ್ಮ ಕಿಟ್ ನೋಡ್ಕೊಳ್ಳೋ ಅಣ್ಣ ಒಂದು ಮಾತು ಹೇಳಿದ್ರು. "ಸರ್, ಆ ಹುಡುಗ ದಿನಾ ಟ್ರೈನಿಂಗ್ ಆದ್ಮೇಲೆ ನನ್ ಹತ್ರ ಐಸ್ ಇಸ್ಕೊಂಡು ಹೋಗ್ತಾನೆ, ಯಾರಿಗೂ ಹೇಳ್ಬೇಡಿ ಅಣ್ಣಾ ಅಂತಾನೆ." ಆಗ ಟೇಪಿನ ಉಂಡೆ ನೆನಪಾಯ್ತು.

ಒಂದು ಭಾನುವಾರ ಬೆಳಿಗ್ಗೆ ದರ್ಶಿನೀಲಿ ಕೂತ್ವಿ, ನಾನು ಅವನು ಇಬ್ರೇ, ಕೋಚನ್ನ ಬೇಕಂತಲೇ ಕರೀಲಿಲ್ಲ. ಮೊದಲ ಅರ್ಧ ಗಂಟೆ ಅವ್ನು ಹೂಂ ಊಹೂಂ ಬಿಟ್ರೆ ಮಾತಾಡ್ಲಿಲ್ಲ. ಎರಡನೇ ಕಾಫಿ ಬಂದಾಗ ನಾನು ಕೇಳ್ದೆ, "ಮಂಡಿ ಹೇಗಿದೆ?" ತಲೆ ಎತ್ತಿ ನೋಡ್ದ.

"ಯಾರ್ ಹೇಳಿದ್ರಿ ಸರ ನಿಮ್ಗ?"

"ಯಾರೋ ಹೇಳಿದ್ರು ಬಿಡು. ಎಷ್ಟು ದಿನದಿಂದ ಇದು?"

"ಆಗಸ್ಟಿಂದ್ರಿ. ತಿರಗಿದ್ರ ಒಳಗ ಚುಚ್ಚಿದಂಗ ಆಗ್ತೈತ್ರಿ. ಹೇಳಿದ್ರ ಕುಂಡ್ರಸ್ತೀರಿ, ಕುಂಡ್ರಸಿದ್ರ ಪಗಾರ ಬಂದ್ ಆಕ್ಕೈತಿ ಅಂತ ಹೆದ್ರಿಕಿ. ಈಗ ಆಡಿದ್ರೂ ಪಗಾರ ಬರ್ಲಿಲ್ಲಲ್ರಿ."

ನನ್ ಹತ್ರ ಉತ್ತರ ಇರ್ಲಿಲ್ಲ. ಆಮೇಲೆ ಒಂದೊಂದೇ ಬಂತು. ಫೆಬ್ರುವರೀಲಿ ಒಂದು ಸರ್ಕಾರಿ ಇಲಾಖೆಯ ಸ್ಪೋರ್ಟ್ಸ್ ಕೋಟಾ ಟ್ರಯಲ್ಸ್ ಇದೆ, ಅಪ್ಪ ಇಲ್ಲ, ತಂಗಿ ಓದ್ತಿದಾಳೆ, ಆ ಕೆಲ್ಸ ಸಿಕ್ರೆ ಮನೆ ನಿಲ್ಲುತ್ತೆ. ಜೊತೆಗೆ ರಾಜ್ಯ ತಂಡಗಳು ಆಡೋ ರಾಷ್ಟ್ರೀಯ ಟೂರ್ನಮೆಂಟ್ ಸಂತೋಷ್ ಟ್ರೋಫಿಯ ಕ್ಯಾಂಪಿಗೆ ಸೆಲೆಕ್ಟ್ ಆಗ್ಬೇಕು ಅನ್ನೋ ಆಸೆ. 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯದ ಮೇಲೆ 3-2ರಿಂದ ಗೆದ್ದು 54 ವರ್ಷದ ಮೇಲೆ ಆ ಟ್ರೋಫಿ ತಂತಲ್ಲ, ಆ ಮ್ಯಾಚನ್ನ ಊರಲ್ಲಿ ಏಳೆಂಟು ಹುಡುಗರ ಜೊತೆ ಒಂದೇ ಫೋನಲ್ಲಿ ನೋಡಿದ್ನಂತೆ. ಕೇಂದ್ರ ಸರ್ಕಾರದ ಕೆಲ್ಸಕ್ಕೆ ಸ್ಪೋರ್ಟ್ಸ್ ಕೋಟಾದಲ್ಲಿ ಫಾರ್ಮ್-2 ಅಂತ ಒಂದು ಸರ್ಟಿಫಿಕೇಟ್ ಇರುತ್ತೆ, ರಾಜ್ಯದ ಪರ ನ್ಯಾಷನಲ್ ಟೂರ್ನಮೆಂಟ್ ಆಡಿದವ್ರಿಗೆ ರಾಜ್ಯ ಸಂಸ್ಥೆಯವ್ರು ಕೊಡೋದು. ಇವನ ಹತ್ರ ಇದ್ದಿದ್ದು ಯೂನಿವರ್ಸಿಟಿ ಮಟ್ಟದ ಫಾರ್ಮ್-3. ಸೆಲೆಕ್ಟರ್‌ಗಳು ನೋಡೋದು ಗೋಲನ್ನ, ಇವನನ್ನ ವಿಂಗಿಗೆ ಹಾಕಿದ್ರೆ ಗೋಲ್ ಎಲ್ಲಿಂದ ಬರ್ಬೇಕು, ಅದು ಕೋಚ್ ಮೇಲಿನ ಸಿಟ್ಟು. ಹಿಂದೆ ಐಟಿಐ, ಎಚ್‌ಎಎಲ್ ಅಂತ ಸರ್ಕಾರಿ ಕಾರ್ಖಾನೆಗಳ ಟೀಮ್‌ಗಳಿದ್ದಾಗ ಆಟವೂ ಕೆಲ್ಸವೂ ಒಂದೇ ಕಡೆ ಇತ್ತು, ಈಗಿನ ಹುಡುಗರಿಗೆ ಕ್ಲಬ್ ಬೇರೆ ಹೊಟ್ಟೆಪಾಡು ಬೇರೆ. ಇದು ಅಹಂಕಾರ ಅಂತ ನಾವೆಲ್ಲಾ ಒಂದು ತಿಂಗಳು ಮಾತಾಡ್ಕೊಂಡಿದ್ವಿ. ಅಹಂಕಾರ ಇರ್ಲಿಲ್ಲ ಅಂತಲ್ಲ, ಸ್ವಲ್ಪ ಇತ್ತು, ಆದ್ರೆ ಅದರ ಕೆಳಗೆ ಭಯ ಇತ್ತು.

ಆ ದಿನವೇ ನಾನು ಮೂರು ಮಾತು ಕೊಟ್ಟೆ. ಗಾಯ ವಾಸಿ ಆಗೋ ತನಕ ಸಂಬಳ ನಿಲ್ಲಲ್ಲ, ಸ್ಕ್ಯಾನ್ ಖರ್ಚು ಕ್ಲಬ್ಬಿಂದು, ಟ್ರಯಲ್ಸಿಗೆ ರಜೆ ಕೊಡ್ತೀವಿ. ಅವನಿಂದ ಎರಡು ಕೇಳ್ದೆ, ನೋವಿದ್ರೆ ಮುಚ್ಚಿಡ್ಬಾರ್ದು, ಆ ಸ್ಟೋರಿ ವಿಷಯಕ್ಕೆ ಟೀಮ್ ಮುಂದೆ ಒಂದು ಮಾತು ಹೇಳ್ಬೇಕು. ರಾತ್ರಿ ಇದನ್ನೇ ಇಮೇಲ್ ಮಾಡಿ ಕಳಿಸ್ದೆ, ಒಪ್ಪಿದೀನಿ ಅಂತ ರಿಪ್ಲೈ ತಗೊಂಡೆ. ಬಾಯಿ ಮಾತಲ್ಲಿ ಬಿಟ್ರೆ ಎರಡು ವಾರಕ್ಕೆ ಇಬ್ಬರ ನೆನಪೂ ಬೇರೆ ಬೇರೆ ಆಗಿರುತ್ತೆ.

ಎಂಆರ್‌ಐಗೆ 7,500. ಗುರುವಾರ ಹೋದ್ರೆ ಸೋಮವಾರ ಬನ್ನಿ ಅಂದ್ರು, ಸೋಮವಾರ ಮಷೀನ್ ಕೆಟ್ಟಿದೆ ಅಂದ್ರು, ಕೊನೆಗೆ ಎಂಟನೇ ದಿನ ಆಯ್ತು. ರಿಪೋರ್ಟಲ್ಲಿ ಮೆನಿಸ್ಕಸ್, ಅಂದ್ರೆ ಮಂಡಿಯೊಳಗಿನ ಮೆತ್ತನೆ ಮೂಳೆ, ಸಣ್ಣದಾಗಿ ಹರಿದಿದೆ, ಆಪರೇಷನ್ ಬೇಡ, ಆರು ವಾರ ಆಡ್ಬಾರ್ದು, ಫಿಸಿಯೋ ಮಾಡ್ಸಿ ಅಂತ. ಟರ್ಫ್ ಮೇಲೆ ಮೂರು ತಿಂಗಳು ಈ ಮಂಡೀಲಿ ಹೇಗೆ ಆಡ್ದ ಅಂತ ಡಾಕ್ಟರೇ ಕೇಳಿದ್ರು. ಕೋಚ್ ಆ ಹಾಳೆ ಓದಿ ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಅವ್ರೇ ಹುಡುಗನ ರೂಮಿಗೆ ಹೋಗಿ ಬಂದ್ರು. ಫಿಸಿಯೋ ಹತ್ತು ಸಿಟ್ಟಿಂಗಿಗೆ 6,000. ಟೀಮಿಗೆ ಮಾಡ್ಸಿದ್ದ ಗ್ರೂಪ್ ಇನ್ಶೂರೆನ್ಸ್ ಇಂಥ ಸ್ಕ್ಯಾನಿಗೆ, ಫಿಸಿಯೋಗೆ ಬರಲ್ಲ ಅಂತ ಆಗ ಗೊತ್ತಾಯ್ತು. ಪಾಲಿಸಿ ತಗೊಳ್ಳುವಾಗ್ಲೇ ಆಸ್ಪತ್ರೇಲಿ ಅಡ್ಮಿಟ್ ಆಗದ ಖರ್ಚಿಗೆ ಬರುತ್ತಾ ಅಂತ ಕೇಳಿ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಡ್ರೆಸ್ಸಿಂಗ್ ರೂಮು. ಕ್ಯಾಪ್ಟನ್ ನನ್ನನ್ನ ಪಕ್ಕಕ್ಕೆ ಕರೆದು, "ಸರ್, ನಾನು ಹೋದ ವರ್ಷ ಕಾಲಿಗೆ ಪೆಟ್ಟಾದಾಗ ನನ್ನ ದುಡ್ಡಲ್ಲಿ ಎಕ್ಸ್‌ರೇ ತೆಗ್ಸಿದ್ದೆ, ನೆನಪಿದ್ಯಾ?" ಅಂದ. ನೆನಪಿತ್ತು. ಉಳಿದ ಹುಡುಗರಿಗೂ ಎರಡು ತಿಂಗಳ ದುಡ್ಡು ಬಾಕಿ, ಕಮ್ಮಿ ದುಡ್ಡಾದ್ರೂ ಬಾಕಿ ಬಾಕಿನೇ, ಆದ್ರೆ ನಾವು ಮೊದಲು ಕೊಟ್ಟಿದ್ದು ಗಲಾಟೆ ಮಾಡಿದೋನಿಗೆ. ಇದು ನ್ಯಾಯ ಅಲ್ಲ ಅಂತ ನಾನೇ ಒಪ್ಕೊಂಡೆ, ಅವನ ಎಕ್ಸ್‌ರೇ ಬಿಲ್ 900 ರೂಪಾಯಿ ವಾಪಸ್ ಕೊಡ್ಸಿದೆ, ಡಿಸೆಂಬರ್ ಎರಡನೇ ವಾರದೊಳಗೆ ಎಲ್ಲರ ಬಾಕಿನೂ ಚುಕ್ತಾ ಮಾಡಿದ್ವಿ. ಸ್ಟಾರ್ ಒಬ್ಬನನ್ನ ಸಮಾಧಾನ ಮಾಡೋ ಗಡಿಬಿಡೀಲಿ ಉಳಿದ ಇಪ್ಪತ್ತು ಜನರನ್ನ ಮರೀಬೇಡಿ, ಅವ್ರು ಜೋರಾಗಿ ಹೇಳಲ್ಲ, ಲೆಕ್ಕ ಮಾತ್ರ ಇಟ್ಕೊಂಡಿರ್ತಾರೆ. ಹುಡುಗ ಟೀಮ್ ಮುಂದೆ ನಿಂತು, "ನಂದ ತಪ್ಪಾತ್ರಿ, ಕಾಲ್ ನೋವಿತ್ತು, ಹೇಳಬೇಕಿತ್ತು, ಹೇಳಲಿಲ್ಲ" ಅಂದ, ಅಷ್ಟೆ. ಯಾರೂ ಚಪ್ಪಾಳೆ ತಟ್ಲಿಲ್ಲ. ಆದ್ರೆ ಮಾರನೇ ದಿನ ಫಿಸಿಯೋಗೆ ಅವನನ್ನ ಬೈಕಲ್ಲಿ ಕರ್ಕೊಂಡು ಹೋಗಿದ್ದು ಕ್ಯಾಪ್ಟನ್ನೇ.

ಜನವರಿ ಮೊದಲ ವಾರ ಬೆಂಚಿಂದ ಬಂದು 20 ನಿಮಿಷ ಆಡ್ದ, ಮುಂದಿನ ಮ್ಯಾಚಲ್ಲಿ ಅರ್ಧ ಗಂಟೆ, ಸೆಂಟರಲ್ಲೇ ನಿಲ್ಸಿದ್ರು, ಒಂದು ಗೋಲ್ ಹೊಡ್ದ. ಆಗ ನಾನು ಮ್ಯಾಂಚೆಸ್ಟರ್ ಸಿಟಿಯ ಸ್ಟ್ರೈಕರ್ ಟೆವೆಜ್ ನೆನಸ್ಕೊಂಡಿದ್ದೆ, 2011ರ ಸೆಪ್ಟೆಂಬರಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ಆಡೋಕೆ ಒಪ್ಲಿಲ್ಲ, ಇವ್ನು ಇನ್ನು ನನ್ ಟೀಮಲ್ಲಿ ಆಡಲ್ಲ ಅಂತ ಕೋಚ್ ಮಂಚೀನಿ ಹೇಳಿದ್ರು, ಅವ್ನು ಅರ್ಜೆಂಟೀನಾಗೆ ಹೋಗಿ ತಿಂಗಳುಗಟ್ಟಲೆ ಬರ್ಲೇ ಇಲ್ಲ, ಅಂಥವನೂ ವಾಪಸ್ ಬಂದು ಏಪ್ರಿಲಲ್ಲಿ ನಾರ್ವಿಚ್ ಮೇಲೆ ಹ್ಯಾಟ್ರಿಕ್ ಹೊಡ್ದ, ಆ ಸಲ ಸಿಟಿ ಲೀಗ್ ಗೆದ್ದಿದ್ದು ಗೋಲ್ ವ್ಯತ್ಯಾಸದ ಮೇಲೆ. ನಮ್ಮವನೂ ಹಾಗೇ ಉಳೀತಾನೆ ಅಂದ್ಕೊಂಡೆ. ಆದ್ರೆ ಅಷ್ಟರಲ್ಲಿ ಗೋವಾದ ಕ್ಲಬ್ಬಿಂದ ಫೋನ್ ಬಂತು. ಅವನ ಊರಿಗೆ ಹತ್ರ, ವಾರಕ್ಕೊಂದು ಸಲ ಅಮ್ಮನ್ನ ನೋಡ್ಕೊಂಡು ಬರ್ಬಹುದು. "ಬಿಡ್ರಿ ಸರ ನನ್ನ, ಜಗಳಾ ಮಾಡ್ಕೊಂಡ ಹೊಂಟಿಲ್ಲ" ಅಂದ. ಮುಂದಿನ ವರ್ಷ 40,000 ಕೊಡೋ ಶಕ್ತಿ ನಮ್ಗೂ ಇಲ್ಲ ಅಂತ ಅಷ್ಟೊತ್ತಿಗೆ ಗೊತ್ತಾಗಿತ್ತು.

ಅವನನ್ನ ಬಿಟ್ಟುಕೊಡೋಕೆ ಗೋವಾದವ್ರ ಹತ್ರ 5 ಲಕ್ಷ ಕೇಳಿ ಅಂತ ಕಮಿಟಿ ಮೊದಲು ಅಂತು. ಮಧ್ಯೆ ಒಬ್ರು ನಾನು ಅವನ ಏಜೆಂಟ್ ಅಂತ ಬಂದು ಕಮಿಷನ್ ಕೇಳೋಕೆ ಶುರು ಮಾಡಿದ್ರು. ಫಿಫಾ 2023ರಿಂದ ಏಜೆಂಟರಿಗೆ ಮತ್ತೆ ಪರೀಕ್ಷೆ, ಲೈಸೆನ್ಸು ತಂದಿದೆ, ಲೈಸೆನ್ಸ್ ನಂಬರ್ ಕೊಡಿ ಅಂದೆ, ಆಮೇಲೆ ಅವ್ರ ಫೋನ್ ಬರ್ಲಿಲ್ಲ. ಹತ್ತು ದಿನ ಎಳೆದಾಡಿ 75,000ಕ್ಕೆ ಒಪ್ಪಿದ್ರು. ಟ್ರಾನ್ಸ್‌ಫರ್ ವಿಂಡೋ, ಅಂದ್ರೆ ಆಟಗಾರರು ಕ್ಲಬ್ ಬದಲಾಯಿಸೋಕೆ ಇರೋ ಅವಧಿ, ಮುಚ್ಚೋ ದಿನ ಎಣಿಸ್ತಾ ನನಗೆ ಹೊಟ್ಟೇಲಿ ಸಂಕಟ, ಯಾಕಂದ್ರೆ ದುಡ್ಡಿನ ಜಗಳದಲ್ಲಿ ದಿನ ದಾಟಿದ್ರೆ ಹುಡುಗ ಅಲ್ಲೂ ಇಲ್ಲ ಇಲ್ಲೂ ಮನಸ್ಸಿಲ್ಲ.

ಕಾಗದಗಳು ಇಷ್ಟು: ಎರಡೂ ಕ್ಲಬ್ ಸಹಿ ಹಾಕಿದ ಟ್ರಾನ್ಸ್‌ಫರ್ ಒಪ್ಪಂದ, ನಮ್ಮ ಕಾಂಟ್ರಾಕ್ಟನ್ನ ಇಬ್ರೂ ಒಪ್ಪಿ ಮುಗಿಸಿದೀವಿ ಅನ್ನೋ ಪತ್ರ, ಯಾವ ಬಾಕಿನೂ ಇಲ್ಲ ಅಂತ ಅವನ ಸಹಿ, ನಮ್ಮ ಎನ್‌ಒಸಿ, ಆಧಾರ್ ಪ್ರತಿ. ಸ್ಟಾಂಪ್ ಪೇಪರ್, ಟೈಪಿಂಗು, ನೋಟರಿ ಎಲ್ಲಾ ಸೇರಿ 1,500 ಆಯ್ತು. ಮೊದಲ ಸಲ ಮುಗಿಸಿದ ಪತ್ರದಲ್ಲಿ ತಾರೀಖು ಟ್ರಾನ್ಸ್‌ಫರ್ ಒಪ್ಪಂದದ ಜೊತೆ ಹೊಂದ್ಲಿಲ್ಲ, ಮತ್ತೆ ಮಾಡ್ಸಿದ್ವಿ. ಎರಡನೇ ಸಲ ಅವನ ಸಹಿ ಕಾಂಟ್ರಾಕ್ಟಲ್ಲಿ ಕನ್ನಡದಲ್ಲಿ, ಇದರಲ್ಲಿ ಇಂಗ್ಲಿಷಲ್ಲಿ. ಮೂರನೇ ಸಲಕ್ಕೆ ನಮ್ಮ ಸೆಕ್ರೆಟರಿ ಮದುವೆ ಅಂತ ಊರಿಗೆ ಹೋಗಿದ್ರು, ನಾನು ಬೆಳಗಿನ ಜಾವ ಬಸ್ ಹತ್ತಿ ತುಮಕೂರಿಗೆ ಹೋಗಿ ಛತ್ರದಲ್ಲಿ ಊಟದ ಎಲೆ ಹಾಸೋ ಹೊತ್ತಿಗೆ ಸಹಿ ಹಾಕ್ಸ್ಕೊಂಡು ಬಂದೆ. ಸಹಿ ಮಾಡೋ ಅಧಿಕಾರ ಇಬ್ಬರಿಗಾದ್ರೂ ಇರೋ ಹಾಗೆ ಮೊದಲೇ ಕಮಿಟೀಲಿ ಠರಾವ್ ಮಾಡಿಟ್ಕೊಳ್ಳಿ. ಮತ್ತೆ ಅವನ ಎಂಆರ್‌ಐ, ಫಿಸಿಯೋ ರಿಪೋರ್ಟನ್ನ ಅವನ ಒಪ್ಪಿಗೆ ತಗೊಂಡು ಗೋವಾದವ್ರಿಗೆ ನಾವೇ ಕಳಿಸಿದ್ವಿ, ಮುಚ್ಚಿಟ್ಟು ಕಳಿಸೋಕೆ ಮನಸ್ಸು ಬರ್ಲಿಲ್ಲ.

ಸಂಬಳ ಬಿಟ್ಟು ನಮ್ಗೆ ಆದ ಖರ್ಚು ಲಾಯರ್, ಸ್ಕ್ಯಾನ್, ಫಿಸಿಯೋ, ಕಾಗದ ಎಲ್ಲಾ ಸೇರಿ 20,000. ಟ್ರಾನ್ಸ್‌ಫರ್ ದುಡ್ಡಲ್ಲಿ ಅದು ಕಳೆದು ಉಳಿದ 55,000ಕ್ಕೆ ಗ್ರೌಂಡ್ ಬಾಡಿಗೆ ತೀರಿಸಿದ್ವಿ. ಲೀಗಲ್ಲಿ ಇನ್ನೂ ನಾಲ್ಕು ಮ್ಯಾಚಿದೆ, ಕೆಳಗಿಂದ ಮೂರನೇ ಜಾಗದಲ್ಲಿದೀವಿ, ಗೋಲ್ ಯಾರು ಹೊಡೀತಾರೆ ಅಂತ ಗೊತ್ತಿಲ್ಲ. ಅವನ ಟ್ರಯಲ್ಸ್ ಮುಂದಿನ ತಿಂಗಳು.

ನಿನ್ನೆ ರಾತ್ರಿ ಅವನೇ ಫೋನ್ ಮಾಡಿದ್ದ. ರೂಮಿನ ಬೀಗದ ಕೈ ಕಿಟ್ ಅಣ್ಣನ ಹತ್ರ ಕೊಟ್ಟಿದೀನಿ, ಫ್ರಿಜ್ಜಲ್ಲಿ ಎರಡು ಐಸ್ ಪ್ಯಾಕ್ ಇದಾವೆ, ಚಲೋ ಇದಾವೆ, ಟೀಮಿಗೆ ಇರ್ಲಿ ಅಂದ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಅವನ ಜಾಗಕ್ಕೆ ನೋಡ್ತಿರೋ ಹುಡುಗನ ಮೆಡಿಕಲ್ ಇದೆ, ಸೈನ್ ಆಮೇಲೆ. ಮಂಡಿ ಎರಡೂ ನೋಡಿ ಅಂತ ಡಾಕ್ಟರಿಗೆ ಹೇಳಿದೀನಿ.